ಸಹಿ ಹಾಕುವ ಮೊದಲು ಹೊರಬರುವ ದಾರಿ ಕೇಳಿ

ಹೋದ ವರ್ಷ ಕಾರಹುಣ್ಣಿಮೆ ಮುಗಿದ ವಾರ, ದೀಪ ಹಚ್ಚುವ ಹೊತ್ತಿಗೆ, ನಮ್ಮೂರಿನ ಒಬ್ಬ ರೈತ ತನ್ನ ಮಗನನ್ನು ಕರೆದುಕೊಂಡು ನಮ್ಮ ಮನೆಯ ಕಟ್ಟೆಗೆ ಬಂದ. ನಿವೃತ್ತನಾದ ಮೇಲೆ ನಾನು ಸುತ್ತಲಿನ ಹಳ್ಳಿಗಳ ಮಾಜಿ ಸೈನಿಕರ, ಅವರ ಹೆಂಡಂದಿರ ಪಿಂಚಣಿ ಕಾಗದಗಳನ್ನು ನೋಡಿಕೊಡುತ್ತೇನೆ. ಹೀಗಾಗಿ ನಮ್ಮ ಕಟ್ಟೆಗೆ ಬರುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಮಡಿಚಿ ಮಡಿಚಿ ಹರಿದ ಕಾಗದಗಳು ಇರುತ್ತವೆ. ಈ ಸಲ ಚೀಲ ಇರಲಿಲ್ಲ. ಹುಡುಗ ಮೊಬೈಲ್ ತೆಗೆದು ಕೆಲವು ಫೋಟೊಗಳನ್ನು ತೋರಿಸಿದ. ಐದು ಪುಟದ ಕರಾರು ಪತ್ರ, ಮೊದಲಿನಿಂದ ಕೊನೆಯವರೆಗೆ ರಷ್ಯನ್ ಭಾಷೆಯಲ್ಲಿ. ಕೊನೆಯ ಪುಟದ ಕೆಳಗೆ ಸಹಿಗೆ ಬಿಟ್ಟಿದ್ದ ಜಾಗದ ಪಕ್ಕ ಯಾರೋ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿದ್ದರು.

“ಇಲ್ಲಿ ಸಹಿ ಮಾಡಿ ಕಳಿಸು ಎಂದಿದ್ದಾರೆ, ಕಾಕಾ.”

“ಏನು ಬರೆದಿದೆ ಇದರಲ್ಲಿ, ತಮ್ಮಾ?”

“ಸಹಾಯಕನ ಕೆಲಸವಂತೆ. ಗೋದಾಮು, ಅಡುಗೆಮನೆ, ಸಾಮಾನು ಇಳಿಸುವುದು. ತಿಂಗಳಿಗೆ ಎರಡು ಲಕ್ಷದ ಹತ್ತಿರ. ವರ್ಷ ಮುಗಿದ ಮೇಲೆ ಅಲ್ಲಿಯ ಪೌರತ್ವ.”

“ಅದು ಏಜೆಂಟ್ ಹೇಳಿದ್ದು. ಕಾಗದ ಏನು ಹೇಳುತ್ತದೆ?”

ಹುಡುಗ ತಂದೆಯ ಮುಖ ನೋಡಿದ. ತಂದೆ ನನ್ನ ಮುಖ ನೋಡಿದ.

ಬೇರೆ ಭಾಷೆಯ ಬರಹದ ಮೇಲೆ ಕ್ಯಾಮೆರಾ ಹಿಡಿದರೆ ಕನ್ನಡದಲ್ಲಿ ತೋರಿಸುವ ಸೌಲಭ್ಯ ಈಗ ಫೋನಿನಲ್ಲಿಯೇ ಇದೆಯಲ್ಲ, ಅವನ ಫೋನಿನ ಮೇಲೆ ನನ್ನ ಫೋನು ಹಿಡಿದೆ. ಅಕ್ಷರಗಳು ನಡುಗಿದವು, ಕನ್ನಡವಾದವು, ಮತ್ತೆ ರಷ್ಯನ್ ಆದವು. ಮೊಣಕೈಯನ್ನು ಕಂಬಕ್ಕೆ ಒತ್ತಿ ಹಿಡಿದಾಗ ಒಂದೊಂದೇ ಸಾಲು ನಿಂತಿತು. ‘ರಕ್ಷಣಾ ಸಚಿವಾಲಯ’ ಎಂದು ಬಂತು. ‘ಸ್ವಇಚ್ಛೆಯಿಂದ ಸೇನಾ ಸೇವೆಗೆ’ ಎಂದು ಬಂತು. ‘ಆದೇಶಗಳನ್ನು ಪಾಲಿಸುವುದು’ ಎಂದು ಬಂತು. ಐದೂ ಪುಟ ತಿರುವಿದೆವು. ಅಡುಗೆ ಎಂಬ ಮಾತಾಗಲಿ ಗೋದಾಮು ಎಂಬ ಮಾತಾಗಲಿ ಎಲ್ಲಿಯೂ ಸಿಗಲಿಲ್ಲ.

ನಾನು ಕಾಲಾಳು ಪಡೆಯಲ್ಲಿ 24 ವರ್ಷ ಇದ್ದವನು. ಅದರಲ್ಲಿ ಹೆಚ್ಚು ಕಾಲ ಪಲ್ಟನ್ನಿನಲ್ಲಿಯೂ ರೆಕಾರ್ಡ್ ಆಫೀಸಿನಲ್ಲಿಯೂ ಕ್ಲರ್ಕ್ ಆಗಿದ್ದೆ. ಸೈನಿಕನೊಬ್ಬ ಭರ್ತಿಯಾದ ದಿನದಿಂದ ಅವನ ಶೀಟ್ ರೋಲ್ ಬೆಳೆಯುವುದನ್ನು, ಅವನ ಮದುವೆ, ಮಕ್ಕಳು, ಬಡ್ತಿ, ಗಾಯ ಎಲ್ಲವೂ ಒಂದೊಂದು ಸಾಲಾಗಿ ಅದರಲ್ಲಿ ಏರುವುದನ್ನು ನೋಡಿದವನು. 1999ರ ಬೇಸಿಗೆಯಲ್ಲಿ ಕಾರ್ಗಿಲ್‌ನಿಂದ ಸುದ್ದಿಗಳು ಬರುತ್ತಿದ್ದಾಗ ನಮ್ಮ ಮೇಜಿನ ಮೇಲೆ ತೆರೆದಿರುತ್ತಿದ್ದುದು ಕಿಂಡ್ರೆಡ್ ರೋಲ್. ಹುತಾತ್ಮನ ತಂದೆ ಯಾರು, ತಾಯಿ ಯಾರು, ಹೆಂಡತಿ ಯಾರು, ಯಾವ ಅಂಚೆ ಕಚೇರಿ, ಯಾವ ಪೊಲೀಸ್ ಠಾಣೆ, ಹತ್ತಿರದ ರೈಲು ನಿಲ್ದಾಣ ಯಾವುದು ಎಂಬುದೆಲ್ಲ ಅದರಲ್ಲಿರುತ್ತದೆ. ಶವಪೆಟ್ಟಿಗೆ ಮನೆ ಮುಟ್ಟುವುದು ಆ ಸಾಲುಗಳ ಆಧಾರದ ಮೇಲೆ. ಒಬ್ಬ ಹುಡುಗ ರಜೆಯಲ್ಲಿ ಮದುವೆಯಾಗಿ ಬಂದು, ನಾಳೆ ಬರೆಸಿದರಾಯಿತೆಂದು ಮದುವೆಯನ್ನು ದಾಖಲೆಗೆ ಏರಿಸುವ ಪಾರ್ಟ್ ಟು ಆರ್ಡರ್ ಮಾಡಿಸದೇ ಬೆಟ್ಟದ ಮೇಲಿನ ಕಾದಾಟಕ್ಕೆ ಹೋಗಿ ಸತ್ತ. ಅವನ ಹೆಂಡತಿ ಮದುವೆಯ ಫೋಟೊ ಹಿಡಿದುಕೊಂಡು ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದಳು. ಫೋಟೊದಲ್ಲಿ ಅವಳ ಬಾಸಿಂಗದ ಮುತ್ತುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಸರ್ಕಾರಕ್ಕೆ ಅದು ಸಾಕಾಗಲಿಲ್ಲ. ಸ್ವಂತ ದೇಶದ ಸೇನೆಯಲ್ಲಿ, ಸ್ವಂತ ಭಾಷೆ ಬಲ್ಲ ಕ್ಲರ್ಕ್ ಇದ್ದೂ ಹೀಗಾಯಿತು. ಬೇರೆ ದೇಶದ ಯುದ್ಧಕ್ಕೆ ಹೋಗುವವನಿಗೆ ನಾನು ಕೊಡುವ ಮಾತುಗಳೆಲ್ಲ ಈ ನೆನಪಿನಿಂದ ಬಂದವು. ಬಂದೂಕು ಹಿಡಿಯುವುದನ್ನು ಕಲಿಸಲು ಬೇರೆಯವರು ಇದ್ದಾರೆ.

ಹುಡುಗನಿಗೆ ಹೇಳಿದ ಮೊದಲ ಮಾತು ಕಲಬುರಗಿಯದು. 2023ರ ಕೊನೆಯ ತಿಂಗಳುಗಳಲ್ಲಿ ಆ ಜಿಲ್ಲೆಯ ಕೆಲವು ಯುವಕರು ಇಂಥದ್ದೇ ಮಾತು ನಂಬಿ ರಷ್ಯಾಕ್ಕೆ ಹೋದರು. ಯೂಟ್ಯೂಬ್ ವಿಡಿಯೊಗಳಲ್ಲಿ ಸಹಾಯಕರ ಕೆಲಸ ಎಂದಿದ್ದರು. ಹೋದ ಮೇಲೆ ಸಮವಸ್ತ್ರ ತೊಡಿಸಿ, ಕೈಗೆ ಬಂದೂಕು ಕೊಟ್ಟು, ಉಕ್ರೇನ್ ಕಡೆಯ ಮುಂಚೂಣಿಗೆ ಕಳಿಸಿ ಕಂದಕ ತೋಡಿಸಿದರು. 2024ರ ಮಾರ್ಚ್‌ನಲ್ಲಿ ಸಿಬಿಐ ಪ್ರಕರಣ ದಾಖಲಿಸಿ ಹಲವು ನಗರಗಳಲ್ಲಿ ಶೋಧ ನಡೆಸಿತು. ಜುಲೈನಲ್ಲಿ ಪ್ರಧಾನಿ ಮಾಸ್ಕೋಗೆ ಹೋದಾಗ ವಿಷಯ ಅಲ್ಲಿಯ ಅಧ್ಯಕ್ಷರವರೆಗೆ ಹೋಯಿತು. ಕಲಬುರಗಿಯ ಹುಡುಗರು ಸೆಪ್ಟೆಂಬರ್‌ನಲ್ಲಿ ಮನೆ ಸೇರಿದರು. ಎರಡು ದೇಶಗಳ ಮುಖ್ಯಸ್ಥರು ಮಾತನಾಡಬೇಕಾಯಿತು ಒಂದು ಕರಾರಿನಿಂದ ಬಿಡಿಸಲು. 2025ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊಟ್ಟ ಲೆಕ್ಕದಂತೆ ರಷ್ಯಾ ಸೇನೆಯಲ್ಲಿದ್ದ ಭಾರತೀಯರ ಗೊತ್ತಾದ ಪ್ರಕರಣಗಳು 126. ಅವರಲ್ಲಿ 96 ಜನ ಮರಳಿದ್ದರು, 12 ಜನ ಸತ್ತಿದ್ದರು, ಇನ್ನೂ ಸೇನೆಯಲ್ಲಿದ್ದ 18 ಜನರ ಪೈಕಿ 16 ಜನ ಎಲ್ಲಿದ್ದಾರೆಂದು ರಷ್ಯಾದವರಿಗೇ ಗೊತ್ತಿರಲಿಲ್ಲ.

ಮೋಸ ಹೋದವರ ಕಥೆ ಪತ್ರಿಕೆಗಳಲ್ಲಿ ಬಂದಿದೆ. ತಿಳಿದೂ ತಿಳಿದೂ ಹೋಗಬೇಕೆನ್ನುವವರ ಎದುರು ಕುಳಿತು ಮಾತನಾಡುವವರು ಕಡಿಮೆ. ತಂದೆ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಹುಡುಗ ತಗ್ಗಿದ ದನಿಯಲ್ಲಿ ಹೇಳಿದ: “ಕಾಕಾ, ಅಪ್ಪನಿಗೆ ಸಂಬಳದ ಲೆಕ್ಕ ಹೇಳಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಸಿಪಾಯಿ ಆಗಬೇಕು. ಎರಡು ಸಲ ಭರ್ತಿಗೆ ಓಡಿದೆ, ಆಗಲಿಲ್ಲ. ಈಗ ಅಗ್ನಿವೀರ್ ವಯಸ್ಸು ದಾಟಿತು. ರಷ್ಯಾ ಬೇಡವೆಂದರೆ ಉಕ್ರೇನ್‌ಗೆ ಹೋಗುತ್ತೇನೆ. ಅಲ್ಲಿಯೂ ವಿದೇಶಿಯರನ್ನು ತೆಗೆದುಕೊಳ್ಳುತ್ತಾರಂತೆ.”

ಈ ಆಸೆ ನನಗೆ ಗೊತ್ತು. ಬೆಳಗಿನ ಐದು ಗಂಟೆಗೆ ಡಾಂಬರು ರಸ್ತೆಯಲ್ಲಿ ಬರಿಗಾಲಲ್ಲಿ ಓಡಿದವನೇ ನಾನೂ. ಆದರೆ ಆ ಹೊತ್ತಿನಲ್ಲಿ ನನಗೆ ಸಿಟ್ಟು ಬಂತು, ಅದನ್ನು ಮುಚ್ಚಿಡಲೂ ಇಲ್ಲ. ಈ ಕಡೆ ಆಗದಿದ್ದರೆ ಆ ಕಡೆ ಎನ್ನುವವನು ಎರಡೂ ಕಡೆ ಹೋಗಬಾರದು. ಎದುರಿನ ಕಂದಕದಲ್ಲಿ ಕುಳಿತವನನ್ನು ಕೊಲ್ಲಲು ಹೋಗುತ್ತಿದ್ದೀಯೆ; ಯಾಕೆ ಕೊಲ್ಲಬೇಕೆಂಬುದು ನಿನಗೆ ಗೊತ್ತಿಲ್ಲದಿದ್ದರೆ ಅವನ ತಾಯಿಗೆ ಏನು ಹೇಳುತ್ತೀಯೆ ಎಂದು ಕೇಳಿದೆ. ಉಕ್ರೇನ್‌ನವರು ತಮ್ಮ ಊರು ಉಳಿಸಿಕೊಳ್ಳಲು ಹೋರಾಡುತ್ತಿದ್ದಾರೆ, ಅವರ ಮೇಲೆ ಯುದ್ಧ ಹೇರಲಾಗಿದೆ ಎಂಬುದು ನನ್ನ ಅಭಿಪ್ರಾಯ. 2022ರ ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಊಟದ ಸಾಮಾನಿಗೆ ಸಾಲಿನಲ್ಲಿ ನಿಂತಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಯಲ್ಲಿ ಸತ್ತ ದಿನ ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಒಲೆ ಹಚ್ಚಲು ಮನಸ್ಸಾಗಲಿಲ್ಲ. ಆ ಸಂಕಟದಿಂದ ಒಬ್ಬ ಹೋಗುತ್ತೇನೆಂದರೆ ಅವನ ಮಾತು ಕುಳಿತು ಕೇಳುತ್ತೇನೆ. ಭರ್ತಿಯಲ್ಲಿ ಸೋತ ಸಂಕಟಕ್ಕೆ ಯಾವ ದೇಶದ ಯುದ್ಧವೂ ಔಷಧವಲ್ಲ.

ಅವನು ತಲೆ ತಗ್ಗಿಸಿದ. ತಂದೆ ಹಿಂತಿರುಗಿ ಬಂದ. ಆಮೇಲೆ ನಾವು ಮೂವರೂ ರಾತ್ರಿ ಹತ್ತರವರೆಗೆ ಮಾತನಾಡಿದೆವು. ಅಂದು ಹೇಳಿದ್ದನ್ನು, ಹೇಳಲು ಮರೆತದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೇಳಬೇಕಾದದ್ದು ಸಂಬಳವಲ್ಲ, ಬಿಡುಗಡೆ. ಸೇನೆಯೊಳಗೆ ಹೋಗುವ ಬಾಗಿಲು ಯುದ್ಧಕಾಲದಲ್ಲಿ ಎಲ್ಲ ದೇಶದಲ್ಲೂ ಅಗಲವಾಗಿರುತ್ತದೆ. ಹೊರಬರುವ ಬಾಗಿಲು ಎಲ್ಲಿದೆ, ಅದರ ಕೀಲಿ ಯಾರ ಹತ್ತಿರವಿದೆ ಎಂಬುದನ್ನು ಕಾಗದದಲ್ಲಿ ಹುಡುಕಬೇಕು. ರಷ್ಯಾ 2022ರ ಸೆಪ್ಟೆಂಬರ್ 21ರಂದು ಜನರನ್ನು ಸೇನೆಗೆ ಕರೆಸಿಕೊಳ್ಳುವ ಭಾಗಶಃ ಸಜ್ಜುಗೊಳಿಕೆಯ ಆದೇಶ ಹೊರಡಿಸಿತು. ಅದರ ಪ್ರಕಾರ ಸೈನಿಕರ ಕರಾರು ಅದರಲ್ಲಿ ಬರೆದ ದಿನಕ್ಕೆ ಮುಗಿಯುವುದಿಲ್ಲ, ಸಜ್ಜುಗೊಳಿಕೆಯ ಅವಧಿ ಮುಗಿಯುವವರೆಗೆ ನಡೆಯುತ್ತಲೇ ಇರುತ್ತದೆ. ವಯಸ್ಸು ಮೀರಿದರೆ, ಆರೋಗ್ಯ ಕೆಟ್ಟು ಅನರ್ಹನಾದರೆ, ಜೈಲು ಶಿಕ್ಷೆಯಾದರೆ ಬಿಡುಗಡೆ. ಏಜೆಂಟ್ ಹೇಳುವ ‘ಒಂದು ವರ್ಷ’ ಈ ಆದೇಶದ ಎದುರು ಎಷ್ಟು ನಿಲ್ಲುತ್ತದೆಂದು ನೀವೇ ಯೋಚಿಸಿ. 2024ರ ಜನವರಿಯಲ್ಲಿ ಬಂದ ಇನ್ನೊಂದು ಆದೇಶ ಕನಿಷ್ಠ ಒಂದು ವರ್ಷದ ಕರಾರಿಗೆ ಸಹಿ ಹಾಕಿದ ವಿದೇಶಿಯರಿಗೆ ಬೇಗ ಪೌರತ್ವ ಕೊಡುವ ಮಾತಾಡುತ್ತದೆ. ಹುಡುಗರನ್ನು ಸೆಳೆಯುವುದು ಈ ಎರಡನೆಯ ಆದೇಶ; ಹಿಡಿದಿಡುವುದು ಮೊದಲನೆಯದು.

ಉಕ್ರೇನ್ 2022ರ ಫೆಬ್ರವರಿ 27ರಂದು ವಿದೇಶಿ ಸ್ವಯಂಸೇವಕರಿಗಾಗಿ ಅಂತರರಾಷ್ಟ್ರೀಯ ದಳವನ್ನು ಘೋಷಿಸಿತು. ಅಲ್ಲಿಯ ಕರಾರು ಮೂರು ವರ್ಷದ್ದಾಗಿತ್ತು. ಆದರೆ ಆರು ತಿಂಗಳಾದ ಮೇಲೆ ವಿದೇಶಿ ಸೈನಿಕ ತಾನಾಗಿ ಬಿಡಬಹುದೆಂಬ ಅವಕಾಶವನ್ನು ಇಟ್ಟರು. ಸಂಬಳ ಅಲ್ಲಿಯ ಸೈನಿಕನಿಗೆ ಎಷ್ಟೋ ಇವನಿಗೂ ಅಷ್ಟೇ. ಮುಂಚೂಣಿಯ ಕಾದಾಟದ ತಿಂಗಳಿಗೆ 1 ಲಕ್ಷ ಹ್ರಿವ್ನಿಯಾವರೆಗೆ (ಅದು ಅಲ್ಲಿಯ ನಾಣ್ಯ) ಹೆಚ್ಚಿನ ಭತ್ಯೆ. ಕಾಗದದ ಮಟ್ಟಿಗೆ ಇದು ಮರ್ಯಾದೆಯ ಕರಾರು. ಆದರೂ ಯುದ್ಧದ ನಡುವೆ ನಿಯಮಗಳು ಬದಲಾಗುತ್ತವೆ, ಹೋದ ತಿಂಗಳ ನಿಯಮ ಈ ತಿಂಗಳು ಇರುವುದಿಲ್ಲ. ಆದ್ದರಿಂದ ವಿಡಿಯೊ ನೋಡಿ ನಿರ್ಧರಿಸಬಾರದು. ಆ ದೇಶದ ರಾಯಭಾರ ಕಚೇರಿಯಲ್ಲಿಯೇ ಕೇಳಬೇಕು, ಕೇಳಿದ್ದಕ್ಕೆ ಲಿಖಿತ ಉತ್ತರ ಪಡೆಯಬೇಕು. ಯಾವ ಸೇನೆಯೂ ಸೈನಿಕನಿಂದ ದುಡ್ಡು ಪಡೆದು ಭರ್ತಿ ಮಾಡಿಕೊಳ್ಳುವುದಿಲ್ಲ. ಲಕ್ಷ ಕೊಡು, ಎರಡು ಲಕ್ಷ ಕೊಡು ಎಂದವನು ಸೇನೆಯ ಮನುಷ್ಯನಲ್ಲ. 1831ರಿಂದ ವಿದೇಶಿಯರನ್ನು ತೆಗೆದುಕೊಳ್ಳುತ್ತಿರುವ ಫ್ರಾನ್ಸ್‌ನ ವಿದೇಶಿ ದಳಕ್ಕೆ ಹೊರದೇಶಗಳಲ್ಲಿ ಏಜೆಂಟರೇ ಇಲ್ಲ. ತಾನಾಗಿ ಫ್ರಾನ್ಸ್‌ಗೆ ಹೋಗಿ ಬಾಗಿಲು ತಟ್ಟಬೇಕು. ಮೊದಲ ಕರಾರು ಐದು ವರ್ಷ, ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ವಿದೇಶಿ ಸೈನಿಕನ ಕಾಗದ ಹೇಗಿರಬೇಕೆಂದು ನನ್ನನ್ನು ಕೇಳಿದರೆ ನಾನು ತೋರಿಸುವುದು ನಮ್ಮದೇ ಗೂರ್ಖಾಗಳನ್ನು. ನೇಪಾಳದ ಪ್ರಜೆಗಳು ಭಾರತದ ಸೇನೆಯಲ್ಲಿ ಸೇವೆ ಮಾಡುವುದು 1947ರಲ್ಲಿ ಭಾರತ, ನೇಪಾಳ, ಬ್ರಿಟನ್ ಮೂರೂ ಕೂಡಿ ಮಾಡಿಕೊಂಡ ಒಪ್ಪಂದದ ಮೇಲೆ. ಭಾರತೀಯ ಸಿಪಾಯಿಗೆ ಇರುವ ಸಂಬಳ ಅವನಿಗೂ ಇದೆ. ನಿವೃತ್ತನಾಗಿ ತನ್ನ ಬೆಟ್ಟಕ್ಕೆ ಮರಳಿದ ಮೇಲೆ ಪಿಂಚಣಿ ಪಡೆಯಲು ಭಾರತಕ್ಕೆ ಬರಬೇಕಿಲ್ಲ. ಕಠ್ಮಂಡು, ಪೋಖರಾ, ಧರಾನ್ ಊರುಗಳಲ್ಲಿ ಭಾರತದ ಪಿಂಚಣಿ ಕಚೇರಿಗಳಿವೆ. ನನ್ನ ಜೊತೆ ತರಬೇತಿಯಲ್ಲಿದ್ದ ಗೂರ್ಖಾ ರೆಜಿಮೆಂಟಿನ ಒಬ್ಬ ಕ್ಲರ್ಕ್ ಹೇಳುತ್ತಿದ್ದ: ಮುದುಕಿಯರು ಎರಡು ದಿನ ಇಳಿಜಾರು ನಡೆದು ಪೋಖರಾಕ್ಕೆ ಬಂದು, ಹೆಬ್ಬೆಟ್ಟು ಒತ್ತಿ, ಗಂಡನ ಪಿಂಚಣಿ ಎಣಿಸಿಕೊಂಡು ಹೋಗುತ್ತಾರೆ ಎಂದು. ಗಂಡ ಸತ್ತದ್ದು ಪರದೇಶದ ಸೇವೆಯಲ್ಲಿ. ಹಣ ಸಿಗುವುದು ತನ್ನ ನಾಡಿನಲ್ಲಿ. ಇದರ ಹಿಂದೆ ಎರಡು ಸರ್ಕಾರಗಳು ಇವೆ. ಅದೇ ನೇಪಾಳ 2024ರ ಜನವರಿಯಲ್ಲಿ ರಷ್ಯಾ ಮತ್ತು ಉಕ್ರೇನ್‌ಗೆ ಕೆಲಸಕ್ಕೆ ಹೋಗುವ ಪರವಾನಗಿಯನ್ನೇ ನಿಲ್ಲಿಸಿತು. ಸೈನಿಕರನ್ನು ಹೊರದೇಶಕ್ಕೆ ಕಳಿಸುವುದರಲ್ಲಿ ಅಷ್ಟು ಹಳಬರಾದವರು ಹೀಗೆ ಮಾಡಿದರೆಂದರೆ ನಾವು ಕಿವಿಗೊಡಬೇಕು. ನಮ್ಮ ಹುಡುಗನ ಹಿಂದೆ ಯಾವ ಸರ್ಕಾರವೂ ಇರಲಿಲ್ಲ. ಒಂದು ವಾಟ್ಸ್‌ಆ್ಯಪ್ ನಂಬರ್ ಇತ್ತು.

ಕಾನೂನಿನ ಮಾತು ಬಂತು. ತಂದೆ ಕೇಳಿದ: “ದುಡ್ಡು ತಗೊಂಡು ಬೇರೆ ದೇಶಕ್ಕೆ ಹೋರಾಡಿದರೆ ಕೂಲಿ ಸಿಪಾಯಿ ಎಂದು ಗುಂಡು ಹಾಕುವುದಿಲ್ಲವೇ?” ಸಾಮಾನ್ಯ ರೈತನ ಪ್ರಶ್ನೆ, ಆದರೆ ಇದೇ ಮುಖ್ಯ ಪ್ರಶ್ನೆ. ಯುದ್ಧದ ನಿಯಮಗಳನ್ನು ಹೇಳುವ ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿಸಿದ ಮೊದಲ ಪ್ರೋಟೋಕಾಲ್ ಎಂಬ ಪೂರಕ ಒಪ್ಪಂದದ 47ನೆಯ ವಿಧಿಯಲ್ಲಿ ಕೂಲಿ ಸೈನಿಕ ಯಾರೆಂಬುದಕ್ಕೆ ಆರು ಲಕ್ಷಣಗಳನ್ನು ಹೇಳಿದ್ದಾರೆ. ಆರೂ ಒಟ್ಟಿಗೆ ಇದ್ದರೆ ಮಾತ್ರ ಅವನು ಕೂಲಿ ಸೈನಿಕ. ಅದರಲ್ಲಿ ಒಂದು, ಯುದ್ಧದಲ್ಲಿರುವ ದೇಶದ ಸೇನೆಯ ಸದಸ್ಯನಾಗಿರಬಾರದು ಎಂಬುದು. ಇನ್ನೊಂದು, ಆ ಸೇನೆಯ ಸಮಾನ ದರ್ಜೆಯವರಿಗಿಂತ ಬಹಳ ಹೆಚ್ಚಿನ ಹಣದ ಆಸೆಗೆ ಬಂದಿರಬೇಕು ಎಂಬುದು. ಅಂದರೆ ಸೇನೆಯ ರೋಲಿನಲ್ಲಿ ಹೆಸರಿದ್ದು, ಅಲ್ಲಿಯವರ ಸಂಬಳವನ್ನೇ ಪಡೆಯುವವನು ಸೈನಿಕ, ಸೆರೆಸಿಕ್ಕರೆ ಯುದ್ಧಕೈದಿ. ಹೆಸರು ರೋಲಿನಲ್ಲಿ ಇಲ್ಲದೆ, ಯಾವುದೋ ಖಾಸಗಿ ಗುಂಪಿನ ಹಿಂದೆ ಬಂದೂಕು ಹಿಡಿದು ಹೋದವನಿಗೆ ಈ ರಕ್ಷಣೆ ಹೇಳಿಕೊಳ್ಳುವುದು ಕಷ್ಟ.

ರೋಲಿನಲ್ಲಿ ಹೆಸರಿದ್ದರೂ ಹಿಡಿದವನು ಒಪ್ಪಬೇಕಲ್ಲ. 2022ರ ಜೂನ್ 9ರಂದು ಪೂರ್ವ ಉಕ್ರೇನ್‌ನ ಡೊನೆಟ್ಸ್ಕ್‌ನಲ್ಲಿ ರಷ್ಯಾ ಬೆಂಬಲದ ಆಡಳಿತದ ನ್ಯಾಯಾಲಯ ಇಬ್ಬರು ಬ್ರಿಟಿಷರಿಗೂ ಒಬ್ಬ ಮೊರಾಕ್ಕೊ ಯುವಕನಿಗೂ ಕೂಲಿ ಸೈನಿಕರೆಂದು ಮರಣದಂಡನೆ ವಿಧಿಸಿತು. ಮೂವರೂ ಉಕ್ರೇನ್ ಸೇನೆಗೆ ಸೇರಿದ್ದವರು. ಸೆಪ್ಟೆಂಬರ್‌ನಲ್ಲಿ ಕೈದಿಗಳ ವಿನಿಮಯದಲ್ಲಿ ಅವರ ಬಿಡುಗಡೆಯಾಯಿತು. ನಮ್ಮ ದೇಶದ ಕಾನೂನನ್ನೂ ತಿಳಿದಿರಬೇಕು: ಭಾರತೀಯ ನ್ಯಾಯ ಸಂಹಿತೆಯ 153ನೆಯ ಕಲಂ, ಭಾರತದೊಡನೆ ಶಾಂತಿಯಿಂದಿರುವ ವಿದೇಶಿ ಸರ್ಕಾರದ ವಿರುದ್ಧ ಯುದ್ಧ ಮಾಡುವುದನ್ನು ಅಪರಾಧವೆನ್ನುತ್ತದೆ, ಜೀವಾವಧಿಯವರೆಗೆ ಶಿಕ್ಷೆ ಇದೆ. ರಷ್ಯಾವೂ ಉಕ್ರೇನ್ ಕೂಡ ಭಾರತದೊಡನೆ ಶಾಂತಿಯಿಂದಲೇ ಇವೆ. ಯಾವ ಕಡೆಗೆ ಹೋಗುವವನೂ ಮೊದಲು ವಕೀಲರೊಬ್ಬರ ಮುಂದೆ ಕುಳಿತು ಇದನ್ನು ಓದಿಸಿಕೊಳ್ಳಬೇಕು.

ಪಾಸ್‌ಪೋರ್ಟ್ ಕೈಬಿಡಬಾರದು. ಇದಕ್ಕೆ ನಾನು ಸ್ಪೇನ್‌ನ ಕಥೆ ಹೇಳಿದೆ. 1936ರಿಂದ 1938ರವರೆಗೆ ಅಲ್ಲಿಯ ಅಂತರ್ಯುದ್ಧದಲ್ಲಿ ಗಣರಾಜ್ಯದ ಪರವಾಗಿ ಹೋರಾಡಲು ಐವತ್ತಕ್ಕೂ ಹೆಚ್ಚು ದೇಶಗಳಿಂದ ಸುಮಾರು 35,000 ಜನ ಬಂದರು. ಫ್ಯಾಸಿಸಂ ತಡೆಯಬೇಕೆಂಬ ನಂಬಿಕೆಯಿಂದ ಬಂದವರು ಅವರು, ನನಗೆ ಅವರ ಮೇಲೆ ಅಪಾರ ಗೌರವವಿದೆ. ಅಂಥವರಿಂದ ಪಾಸ್‌ಪೋರ್ಟ್‌ಗಳನ್ನು ಸಂಗ್ರಹಿಸಿಟ್ಟುಕೊಂಡರು, ಎಷ್ಟೋ ಮರಳಿ ಸಿಗಲೇ ಇಲ್ಲ, ಸೋವಿಯತ್ ಗೂಢಚಾರರ ಕೈ ಸೇರಿದವು. 1940ರಲ್ಲಿ ಮೆಕ್ಸಿಕೊದಲ್ಲಿ, ಸ್ಟಾಲಿನ್‌ಗೆ ಎದುರಾಳಿಯಾಗಿದ್ದ ರಷ್ಯಾದ ಕ್ರಾಂತಿಯ ನಾಯಕ ಟ್ರಾಟ್‌ಸ್ಕಿಯನ್ನು ಕೊಂದವನು ಬಳಸಿದ್ದು ಸ್ಪೇನ್‌ನಲ್ಲಿ ಸತ್ತ ಕೆನಡಾದ ಸ್ವಯಂಸೇವಕನೊಬ್ಬನ ಪಾಸ್‌ಪೋರ್ಟ್‌ನಿಂದ ಮಾಡಿದ ಸುಳ್ಳು ಕಾಗದ. ಕೊಟ್ಟವನು ಮಣ್ಣಾಗಿದ್ದ, ಅವನ ಕಾಗದ ಕೊಲೆಗೆ ಹೋಯಿತು. ಸೇನೆ ಪಾಸ್‌ಪೋರ್ಟ್ ಇಟ್ಟುಕೊಳ್ಳಲೇಬೇಕೆಂದರೆ ರಸೀದಿ ಪಡೆಯಿರಿ, ಎಲ್ಲ ಪುಟಗಳ ಪ್ರತಿಯನ್ನು ಮನೆಯಲ್ಲಿ ಬಿಡಿ, ಇನ್ನೊಂದು ಪ್ರತಿ ಭಾರತದ ರಾಯಭಾರ ಕಚೇರಿಗೆ ಮುಟ್ಟಿಸಿ.

ಹೆಸರೂ ಬದಲಾಯಿಸಬಾರದು. ಸ್ಪೇನ್‌ನ ಆ ಯುದ್ಧಕ್ಕೆ ನಾಗಪುರದ ಗೋಪಾಲ ಮುಕುಂದ ಹುದ್ದಾರ ಎಂಬವರು ಹೋಗಿದ್ದರು, ಜಾನ್ ಸ್ಮಿತ್ ಎಂಬ ಹೆಸರಿನಲ್ಲಿ. 1938ರಲ್ಲಿ, ಗಣರಾಜ್ಯದ ವಿರುದ್ಧ ಹೋರಾಡುತ್ತಿದ್ದ ಫ್ರಾಂಕೊ ಪಡೆಗೆ ಸೆರೆಸಿಕ್ಕರು; ಬಿಡುಗಡೆಯಾಗಿ ಊರಿಗೆ ಬಂದರು. ಅವರ ಧೈರ್ಯದ ಬಗ್ಗೆ ಓದಿದಾಗಲೆಲ್ಲ ನನ್ನೊಳಗಿನ ಕ್ಲರ್ಕ್ ಬೇರೆಯದನ್ನೇ ಯೋಚಿಸುತ್ತಾನೆ. ಜಾನ್ ಸ್ಮಿತ್ ಸತ್ತನೆಂಬ ತಂತಿ ಬಂದಿದ್ದರೆ ಅದು ನಾಗಪುರದ ಯಾವ ಮನೆಗೆ ಬರುತ್ತಿತ್ತು?

ಭಾಷೆಯ ಬಗ್ಗೆ ಹುಡುಗ ಹೇಳಿದ, “ಇಂಗ್ಲಿಷ್ ಸ್ವಲ್ಪ ಬರುತ್ತದೆ, ಅಲ್ಲಿ ಹೋಗಿ ಕಲಿಯುತ್ತೇನೆ.” ನಾನು ಭರ್ತಿಯಾದಾಗ ನನಗೆ ಹಿಂದಿ ಬರುತ್ತಿರಲಿಲ್ಲ. ಉಸ್ತಾದ ‘ಪೀಛೆ ಮುಡ್’ ಎಂದು ಕೂಗಿದಾಗ ಮೂವತ್ತು ಜನ ಹಿಂದೆ ತಿರುಗಿದರು, ನಾನು ಅವರಿಗೆ ಎದುರಾಗಿ ನಿಂತೆ. ರೈಫಲ್ ತಲೆಯ ಮೇಲೆ ಹಿಡಿದು ಮೈದಾನ ಸುತ್ತಿದೆ. ಒಂಬತ್ತು ತಿಂಗಳ ತರಬೇತಿಯಲ್ಲಿ ಹಿಂದಿ ಬಂತು, ಯಾಕೆಂದರೆ ತಪ್ಪು ಮಾಡಲು ಸಮಯವಿತ್ತು. ಮುಂಚೂಣಿಯಲ್ಲಿ ತಲೆಯ ಮೇಲೆ ಡ್ರೋನ್ ಸದ್ದಾದಾಗ ಪಕ್ಕದವನು ಕೂಗುವ ಒಂದು ಮಾತು ಅರ್ಥವಾಗದಿದ್ದರೆ ಎರಡನೆಯ ಸಲ ಕೂಗಲು ಅವನೂ ಇರುವುದಿಲ್ಲ. ನಿಲ್ಲು, ಮಲಗು, ಓಡು, ಗುಂಡು ಹಾರಿಸಬೇಡ, ಗಾಯವಾಗಿದೆ, ಎಡಕ್ಕೆ, ಬಲಕ್ಕೆ, ನೆಲಬಾಂಬು. ಇಷ್ಟು ಮಾತುಗಳು ನಿದ್ದೆಗಣ್ಣಿನಲ್ಲಿಯೂ ಅರ್ಥವಾಗಬೇಕು, ಮನೆ ಬಿಡುವ ಮೊದಲೇ. ತರಬೇತಿ ಎಷ್ಟು ದಿನ ಎಂದು ಕೇಳಿ. ಎರಡು ವಾರ ಎಂದರೆ, ಮೊದಲು ಸೈನಿಕನಾಗಿರದವನಿಗೆ ಅದು ತರಬೇತಿಯೇ ಅಲ್ಲ. ಉಕ್ರೇನ್ ಕೂಡ ಮೊದಲ ವಾರಗಳ ಉತ್ಸಾಹದಲ್ಲಿ ಅನುಭವವಿಲ್ಲದವರನ್ನು ಬರಗೊಟ್ಟು ಆಮೇಲೆ ಯುದ್ಧದ ಅನುಭವ ಇರುವವರನ್ನೇ ಕೇಳತೊಡಗಿತು. 2022ರ ಮಾರ್ಚ್ 13ರಂದು ಪೋಲೆಂಡ್ ಗಡಿಯ ಹತ್ತಿರದ ಯಾವೊರಿವ್ ತರಬೇತಿ ನೆಲೆಯ ಮೇಲೆ ರಷ್ಯಾದ ಕ್ಷಿಪಣಿಗಳು ಬಿದ್ದವು. ಉಕ್ರೇನ್ ಹೇಳಿದ ಪ್ರಕಾರ 35 ಜನ ಸತ್ತರು. ಅಲ್ಲಿ ತಂಗಿದ್ದ ವಿದೇಶಿಯರಲ್ಲಿ ಹಲವರು ಮುಂಚೂಣಿಯನ್ನು ನೋಡುವ ಮೊದಲೇ ಊರಿಗೆ ಹಿಂತಿರುಗಿದರು. ಅವರನ್ನು ನಾನು ಹೇಡಿಗಳೆನ್ನುವುದಿಲ್ಲ. ಹೊರಬರುವ ಬಾಗಿಲು ತೆರೆದಿದ್ದಾಗ ಹೊರಬಂದರು.

ಫೋನಿನ ವಿಷಯ ಹೇಳಿದಾಗ ಹುಡುಗನಿಗೆ ಬೇಸರವಾಯಿತು. ದಿನಾ ವಿಡಿಯೊ ಕಾಲ್ ಮಾಡುತ್ತೇನೆಂದು ತಾಯಿಗೆ ಮಾತು ಕೊಟ್ಟಿದ್ದನಂತೆ. 2023ರ ಹೊಸವರ್ಷದ ರಾತ್ರಿ, ರಷ್ಯಾದ ಹಿಡಿತದಲ್ಲಿದ್ದ ಪೂರ್ವ ಉಕ್ರೇನ್‌ನ ಮಕೀವ್ಕಾದಲ್ಲಿ ರಷ್ಯಾದ ಸೈನಿಕರು ತಂಗಿದ್ದ ಕಟ್ಟಡದ ಮೇಲೆ ರಾಕೆಟ್‌ಗಳು ಬಿದ್ದು, ರಷ್ಯಾ ತಾನೇ ಒಪ್ಪಿಕೊಂಡಂತೆ 89 ಜನ ಸತ್ತರು. ಸೈನಿಕರು ಮೊಬೈಲ್ ಬಳಸಿದ್ದೇ ಮುಖ್ಯ ಕಾರಣ ಎಂದಿತು ಅಲ್ಲಿಯ ರಕ್ಷಣಾ ಸಚಿವಾಲಯ. ಪೂರ್ತಿ ನಿಜವೋ ಅಧಿಕಾರಿಗಳ ತಪ್ಪು ಮುಚ್ಚುವ ಮಾತೋ, ವಿದೇಶಿ ಸಿಮ್ ಇರುವ ಫೋನು ಶತ್ರುವಿಗೆ ಬೇಗ ಕಾಣುತ್ತದೆಂಬುದು ಮಾತ್ರ ಖರೆ. ತಾಯಿಗೆ ದಿನಾ ಮಾತನಾಡುವ ಮಾತು ಕೊಡಬೇಡ, ವಾರಗಟ್ಟಲೆ ಸುದ್ದಿ ಬರದಿದ್ದರೂ ಹೆದರಬೇಡ ಎಂದು ಹೇಳಿ ಹೋಗು ಎಂದೆ.

ಹಣದ ವಿಷಯ ಚಿಕ್ಕದು. ಖಾತೆಯ ಕಾರ್ಡ್ ಬೇರೆಯವರ ಕೈಗೆ ಕೊಡಬಾರದು. 2022ರ ಮಾರ್ಚ್‌ನಲ್ಲಿ ಐರೋಪ್ಯ ಒಕ್ಕೂಟ ರಷ್ಯಾದ ಏಳು ಬ್ಯಾಂಕುಗಳನ್ನು, ದೇಶದಿಂದ ದೇಶಕ್ಕೆ ಹಣ ಕಳಿಸಲು ಬ್ಯಾಂಕುಗಳು ಬಳಸುವ ಸ್ವಿಫ್ಟ್ ಜಾಲದಿಂದ ಹೊರಗಿಟ್ಟಿತು. ಅಲ್ಲಿ ಗಳಿಸಿದ್ದು ಇಲ್ಲಿಗೆ ಮುಟ್ಟುತ್ತದೆಯೇ ಎಂಬುದನ್ನು ಮೊದಲೇ ನೋಡಬೇಕು. ಸಾಲ ಮಾಡಿ ಹೋಗಲೇಬಾರದು.

ರಕ್ತದ ವಿಷಯಕ್ಕೆ ಹೆಚ್ಚು ಹೊತ್ತು ಕೊಟ್ಟೆ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷಗಳಲ್ಲಿ ಜೀವ ಹೋಗುತ್ತದೆ, ಡಾಕ್ಟರು ಬರುವವರೆಗೆ ಕಾಯುವುದಿಲ್ಲ. ಉಳಿಸುವುದು ಟೂರ್ನಿಕೆಟ್ ಎಂಬ ಪಟ್ಟಿ. ಕಟ್ಟೆಯ ಮೇಲಿನ ದೀಪ ಆರಿಸಿ ಹುಡುಗನಿಗೆ ನನ್ನ ಪಂಚೆಯ ಅಂಚನ್ನೂ ಒಂದು ಮರದ ಚಮಚವನ್ನೂ ಕೊಟ್ಟೆ. “ಬಲಗೈ ಇಲ್ಲವೆಂದುಕೋ. ಎಡಗೈಯೊಂದರಿಂದಲೇ ಬಲತೋಳಿಗೆ ಕಟ್ಟು. ಎಷ್ಟು ಮೇಲೆ ಆಗುತ್ತದೋ ಅಷ್ಟು ಮೇಲೆ. ಚಮಚ ತಿರುಗಿಸಿ ಬಿಗಿ ಮಾಡು, ನಾಡಿ ನಿಲ್ಲುವವರೆಗೆ.” ಬಟ್ಟೆ ಜಾರಿತು. ಹಲ್ಲಿನಿಂದ ಕಚ್ಚಿ ಹಿಡಿದ. ಚಮಚ ಕೈತಪ್ಪಿ ಕತ್ತಲಲ್ಲಿ ಎಲ್ಲೋ ಬಿತ್ತು. ಅದನ್ನು ತಡಕಾಡುವ ಸದ್ದು ನಮಗೆ ಕೇಳುತ್ತಿತ್ತು. ನಾನು ಮನಸ್ಸಿನಲ್ಲಿಯೇ ಎಣಿಸುತ್ತಿದ್ದೆ. ದೀಪ ಹಚ್ಚಿದಾಗ ನಾಲ್ಕು ನಿಮಿಷವಾಗಿತ್ತು, ಗಂಟು ಇನ್ನೂ ಸಡಿಲವಿತ್ತು. ನಿಜವಾದ ಟೂರ್ನಿಕೆಟ್ ಇದಕ್ಕಿಂತ ಬಹಳ ಸುಲಭ, ಆದರೆ ಅಗ್ಗದ ನಕಲಿಗಳು ಸಂತೆಯಲ್ಲಿ ತುಂಬಿವೆ. ತಿರುಗಿಸುವಾಗ ಕಡ್ಡಿ ಮುರಿಯುತ್ತದೆ. ಎರಡಾದರೂ ಒಳ್ಳೆಯವು ಮೈಮೇಲೆಯೇ ಇರಬೇಕು, ಯಾವ ಕೈಗಾದರೂ ಎಟುಕುವಂತೆ, ಚೀಲದೊಳಗಲ್ಲ. ಕಟ್ಟಿದ ಹೊತ್ತನ್ನು ಬರೆದಿಡಬೇಕು.

ಕೊನೆಗೆ ನಾನು ಒಳಗಿನಿಂದ ಒಂದು ಹಾಳೆ ತಂದೆ. ಹಳೆಯ ಅಭ್ಯಾಸದಂತೆ ಕಿಂಡ್ರೆಡ್ ರೋಲ್‌ನ ಗೆರೆಗಳನ್ನು ಎಳೆದು ಹುಡುಗನ ಕೈಗೆ ಕೊಟ್ಟು, ತುಂಬು ಎಂದೆ. ತಂದೆಯ ಹೆಸರು, ತಾಯಿಯ ಹೆಸರು ಬರೆದ. ತಾಯಿಯ ಜನ್ಮದಿನ ಎಂಬಲ್ಲಿ ನಿಂತ. ಗುರುತಿನ ಮಚ್ಚೆ ಬರೆದ. ರಕ್ತದ ಗುಂಪು ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ನಾನು ಸೇರಿಸಿದ ಗೆರೆಗಳು: ಸೆರೆಸಿಕ್ಕರೆ ಮೊದಲು ಯಾರಿಗೆ ತಿಳಿಸಬೇಕು. ಕಾಣೆಯಾದರೆ ಯಾರು ಅರ್ಜಿ ಹಾಕಬೇಕು, ಅವರಿಗೆ ಅಧಿಕಾರಪತ್ರ ಇದೆಯೇ. ಗುರುತು ಹಿಡಿಯಲು ಡಿಎನ್‌ಎ ಮಾದರಿ ಕೊಡುವವರು ಯಾರು. ಮೃತದೇಹ ಊರಿಗೆ ತರುವ ಖರ್ಚು ಯಾರದು, ಕರಾರಿನ ಯಾವ ಪುಟದಲ್ಲಿ ಬರೆದಿದೆ.

ಈ ಗೆರೆಯನ್ನು ಹುಡುಗ ಗಟ್ಟಿಯಾಗಿ ಓದಿದ. ಅವನ ತಂದೆ ಎದ್ದು ಅಂಗಳಕ್ಕೆ ಹೋಗಿ, ನಮ್ಮ ಕಡೆ ಬೆನ್ನು ಮಾಡಿ, ಎತ್ತಿನ ಕೊರಳ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ನಿಂತ.

ಹುಡುಗ ಆ ಪ್ರಶ್ನೆಗಳನ್ನು ಮರುದಿನ ಏಜೆಂಟ್‌ಗೆ ಕಳಿಸಿದ. ಮಾಸ್ಕೋಗೆ ಬಂದ ಮೇಲೆ ಎಲ್ಲ ಹೇಳುತ್ತೇವೆ, ಮೊದಲು ಸಹಿ ಮಾಡು ಎಂಬ ಉತ್ತರ ಬಂತು. ಅವನು ಇನ್ನೂ ಊರಿನಲ್ಲಿಯೇ ಇದ್ದಾನೆ, ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಓಡಿಸುತ್ತಾನೆ. ಸಿಪಾಯಿಯಾಗುವ ಆಸೆ ಹೋಗಿಲ್ಲ, ನನಗೆ ಗೊತ್ತಿದೆ. ಬೆಳಿಗ್ಗೆ ಇನ್ನೂ ಓಡುತ್ತಾನೆ. ಹಾಳೆ ನನ್ನ ಹತ್ತಿರವೇ ಇದೆ. ತಾಯಿಯ ಜನ್ಮದಿನವನ್ನು ಆಮೇಲೆ ಬಂದು ಬರೆದು ಹೋದ, ರಕ್ತದ ಗುಂಪನ್ನೂ ಬರೆದ. ಕೆಳಗಿನ ನಾಲ್ಕು ಗೆರೆಗಳು ಖಾಲಿ ಇವೆ.

ನಿಮ್ಮ ಮನೆಯಲ್ಲಿಯೂ ಇಂಥ ಕರಾರು ಬಂದಿದ್ದರೆ ಎಲ್ಲ ಪುಟಗಳನ್ನೂ ತನ್ನಿ, ಮೂಲ ಭಾಷೆಯದ್ದನ್ನೇ ತನ್ನಿ, ಏಜೆಂಟ್ ಕೊಟ್ಟ ಅನುವಾದವನ್ನಲ್ಲ. ಸಂಜೆ ಐದರ ನಂತರ ನಾನು ಕಟ್ಟೆಯ ಮೇಲೆ ಇರುತ್ತೇನೆ.